ಒಲೆಯ ಪಕ್ಕದ ತಣ್ಣನೆಯ ಮೂಲೆ

(ಅಂತಿಮ ಬಿ.ಎ. ವಿದ್ಯಾರ್ಥಿ)

ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆದಾಗ, ಮೈಸೂರು ಪಟ್ಟಣದಲ್ಲಿಯೇ ಹುಟ್ಟಿ ಬೆಳೆದ ಗೆಳೆಯನೊಬ್ಬ ಮನೆಗಳ ಪಕ್ಕದಲ್ಲಿ ಎದ್ದು ನಿಂತಿದ್ದ ಎತ್ತರದ ಕೋಣೆಗಳನ್ನು ನೋಡಿ, "ಇದೇನಯ್ಯ, ನಿಮ್ಮ ಕಡೆ ಮನೆಗೊಂದು ಗೋಪುರ ಕಟ್ಟಿದ್ದೀರಿ! ಒಂದು ಕಿಟಕಿಯಾದರೂ ಬೇಡವೆ?" ಎಂದು ಕೇಳಿದ. ನಾನು ನಕ್ಕು, "ಅದು ಗೋಪುರವಲ್ಲ, ನಮ್ಮ ಬ್ಯಾಂಕು" ಎಂದೆ. ಆತ ಅದನ್ನು ತಮಾಷೆ ಎಂದುಕೊಂಡ. ಅದು ತಮಾಷೆಯಲ್ಲವೆಂಬುದನ್ನು ಅವನಿಗೂ, ಅವನಂತೆ ಕೇಳಬಹುದಾದ ಇತರ ಮಿತ್ರರಿಗೂ ತಿಳಿಸಬೇಕೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ನಾನು ಚರಿತ್ರೆ ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿ. ಶಾಖ, ಆವಿ, ಗಾಳಿ ಮುಂತಾದವುಗಳ ವಿಷಯದಲ್ಲಿ ನನಗೆ ತಿಳಿದಿರುವುದೆಲ್ಲ ಆ ಕೋಣೆಯಲ್ಲಿಯೇ ಬೆವರು ಸುರಿಸಿ ಕಲಿತದ್ದು. ತಪ್ಪಿದ್ದರೆ ತಿಳಿದವರು ತಿದ್ದಬೇಕೆಂದು ಕೋರುತ್ತೇನೆ.

ಆ ಕೋಣೆಗೆ ನಾವು ಬ್ಯಾರನ್ ಎನ್ನುತ್ತೇವೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕೆಂಪು ಮರಳು ಮಿಶ್ರಿತ ಭೂಮಿ ಇರುವ ಕಡೆಗಳಲ್ಲಿ ಮುಂಗಾರಿನ ಮಳೆಯನ್ನೇ ನಂಬಿ ವರ್ಜೀನಿಯಾ ತಂಬಾಕನ್ನು ಬೆಳೆಯುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಾಟಿ ಮೊದಲಾದರೆ ಜುಲೈ ಹೊತ್ತಿಗೆ ಸೊಪ್ಪು ಬಲಿಯುತ್ತದೆ. ಬಲಿತ ಹಸಿ ಸೊಪ್ಪನ್ನು ಬಿಸಿಲಿಗೆ ಒಣಹಾಕಿ ಮಾರುವಂತಿಲ್ಲ. ಅದನ್ನು ಮುಚ್ಚಿದ ಕೋಣೆಯಲ್ಲಿ ಹದವಾದ ಶಾಖಕ್ಕೆ ಒಡ್ಡಿ, ನಿಂಬೆಹಣ್ಣಿನ ಬಣ್ಣಕ್ಕೆ ತಂದು, ಆ ಬಣ್ಣ ಹೋಗದಂತೆ ಒಣಗಿಸಬೇಕು. ಹಾಗೆ ಹದಗೊಳಿಸಿದ ಸೊಪ್ಪು ತಂಬಾಕು ಮಂಡಲಿಯ ಹರಾಜು ಕಟ್ಟೆಗೆ ಹೋಗುತ್ತದೆ. 1975ರ ಕಾಯಿದೆಯಂತೆ 1976ರ ಜನವರಿಯಲ್ಲಿ ಹುಟ್ಟಿದ ಈ ಮಂಡಲಿಯ ಮುಖ್ಯ ಕಚೇರಿ ಗುಂಟೂರಿನಲ್ಲಿದೆ. ಕರ್ನಾಟಕದಲ್ಲಿ ಹರಾಜು ಪದ್ಧತಿ ಆರಂಭವಾದುದು 1984ರಲ್ಲಿ. ಹರಾಜಿನ ದಿನ ಬೇಲಿನ ಹೊದಿಕೆ ಬಿಚ್ಚಿದಾಗ ಕೊಳ್ಳುವವರು ಮೊದಲು ನೋಡುವುದು ಬಣ್ಣ. ಹಳದಿಯಿದ್ದರೆ ಒಂದು ಬೆಲೆ, ಕಂದು ತಿರುಗಿದ್ದರೆ ಅದರ ಅರ್ಧ. ವರ್ಷದ ದುಡಿಮೆಯೆಲ್ಲ ಹೊಲದಲ್ಲಿ ಮುಗಿಯಿತೆಂದು ತಿಳಿಯಬೇಡಿ. ಅದು ಗೆಲ್ಲುವುದೂ ಸೋಲುವುದೂ ಈ ಕೋಣೆಯ ಆರು ದಿನಗಳಲ್ಲಿ.

ತಂಬಾಕು ಒಳ್ಳೆಯ ವಸ್ತುವೇ ಎಂದು ಕೇಳಬಹುದು. ಅಲ್ಲ. ಮಳೆಯಲ್ಲಿ ನೆನೆದ ಹಸಿ ಸೊಪ್ಪನ್ನು ಇಡೀ ಬೆಳಗ್ಗೆ ಮುರಿದು ಕಂಕುಳಲ್ಲಿ ಹೊತ್ತು ಬಂದ ದಿನ ನಮ್ಮವ್ವ ತಲೆಸುತ್ತು, ವಾಂತಿಯಿಂದ ನರಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದಂತೆ. ಆದರೂ ನಮ್ಮ ಮನೆಯಲ್ಲಿ ಮೊಟ್ಟಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನ ಮೂರು ವರ್ಷದ ಶುಲ್ಕ ಬಂದುದು ಈ ಸೊಪ್ಪಿನಿಂದಲೇ. ಎರಡೂ ನಿಜ.

ಬ್ಯಾರನ್ನಿನ ತತ್ತ್ವ ನನಗೆ ಚೆನ್ನಾಗಿ ಮನದಟ್ಟಾದುದು ವಿಚಿತ್ರವೆಂದರೆ ಇಂಗ್ಲಿಷ್ ತರಗತಿಯಲ್ಲಿ. ಒಂದು ಕಥೆಯಲ್ಲಿ ಚಳಿದೇಶದ ಮನೆಯೊಂದರ ಮೂಲೆಯಲ್ಲಿದ್ದ 'ರೇಡಿಯೇಟರ್' ರಾತ್ರಿಯೆಲ್ಲ ಢಣ್ ಢಣ್ ಎಂದು ಬಡಿದುಕೊಳ್ಳುತ್ತಿತ್ತೆಂದು ಬರುತ್ತದೆ. ಅದೇನೆಂದು ನಮಗಾರಿಗೂ ತಿಳಿಯದಿದ್ದುದರಿಂದ ಗುರುಗಳು ಪಾಠ ನಿಲ್ಲಿಸಿ ವಿವರಿಸಿದರು. ಆ ದೇಶಗಳ ಹಳೆಯ ಮನೆಗಳಲ್ಲಿ ನೆಲಮಾಳಿಗೆಯಲ್ಲಿ ಒಂದು ಬಾಯ್ಲರು ಇರುತ್ತದೆ. ಅಲ್ಲಿ ಕುದಿದ ನೀರಿನ ಉಗಿ ಕೊಳವೆಗಳಲ್ಲಿ ಏರಿ, ಕೋಣೆಕೋಣೆಯಲ್ಲಿಟ್ಟ ಕಬ್ಬಿಣದ ರೇಡಿಯೇಟರುಗಳಿಗೆ ಹೋಗಿ ತನ್ನ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ಒಂದೇ ಕೊಳವೆಯ ಏರ್ಪಾಟಿನಲ್ಲಿ ಆ ನೀರು ಬಂದ ದಾರಿಯಲ್ಲಿಯೇ ಬಾಯ್ಲರಿಗೆ ಇಳಿಯಬೇಕು. ಆದುದರಿಂದ ರೇಡಿಯೇಟರು ಕೊಳವೆಯ ಕಡೆಗೆ ಸ್ವಲ್ಪ ಬಾಗಿರಬೇಕು. ಮನೆ ಹಳೆಯದಾಗಿ ನೆಲ ಕುಸಿದು ಆ ಓಟ ತಪ್ಪಿದರೆ ನೀರು ನಿಲ್ಲುತ್ತದೆ, ನಿಂತ ನೀರಿಗೆ ಉಗಿ ನುಗ್ಗಿದಾಗ ಸುತ್ತಿಗೆಯಿಂದ ಹೊಡೆದಂತೆ ಸದ್ದಾಗುತ್ತದೆ, ಕೋಣೆ ಮಾತ್ರ ಬೆಚ್ಚಗಾಗುವುದಿಲ್ಲ. ರಿಪೇರಿಯೇನೆಂದರೆ ದೂರದ ಕಾಲಿನಡಿಗೆ ಒಂದು ಮರದ ಚಕ್ಕೆ ಇಡುವುದು! ಕೇಳುತ್ತಿದ್ದಂತೆ ನನಗೆ, ಇದು ನಮ್ಮ ಬ್ಯಾರನ್ನೇ ಅಲ್ಲವೇ ಎನ್ನಿಸಿತು. ಅವರಲ್ಲಿ ಉಗಿ, ನಮ್ಮಲ್ಲಿ ಬಿಸಿ ಹೊಗೆ. ಅವರದು ಮನುಷ್ಯರು ಬೆಚ್ಚಗಿರುವುದಕ್ಕೆ, ನಮ್ಮದು ಸೊಪ್ಪು ಒಣಗುವುದಕ್ಕೆ. ಬೆಂಕಿಯೂ ಹೊಗೆಯೂ ಕೋಣೆಗೆ ತಾಗದಂತೆ ಶಾಖವನ್ನು ಮಾತ್ರ ಕೋಣೆಗೆ ಇಳಿಸಬೇಕೆಂಬ ಸಮಸ್ಯೆ ಎರಡು ಕಡೆಯೂ ಒಂದೇ.

ತಂಬಾಕಿಗೆ ಹೊಗೆ ಸೋಕಬಾರದೆಂಬುದು ತಿಳಿದುದೂ ಆಕಸ್ಮಿಕವಾಗಿ ಎಂದು ಹೇಳುತ್ತಾರೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1839ರಲ್ಲಿ ಸ್ಲೇಡ್ ಎಂಬ ಜಮೀನುದಾರನ ಬಳಿ ಗುಲಾಮನಾಗಿದ್ದ ಸ್ಟೀಫನ್ ಎಂಬ ಯುವಕ ರಾತ್ರಿ ಬ್ಯಾರನ್ನಿನ ಬೆಂಕಿ ಕಾಯುತ್ತ ನಿದ್ದೆಹೋದನಂತೆ. ಎಚ್ಚರವಾದಾಗ ಬೆಂಕಿ ಆರುತ್ತಿತ್ತು. ಗಾಬರಿಯಿಂದ ಕಮ್ಮಾರನ ಕುಲುಮೆಯ ಬಳಿಯಿದ್ದ ಇದ್ದಿಲನ್ನು ತಂದು ಸುರಿದ. ಇದ್ದಿಲು ಹೊಗೆಯಿಲ್ಲದೆ ಝಗ್ಗೆಂದು ಕಾದು ಸೊಪ್ಪು ಹಿಂದೆಂದೂ ಇಲ್ಲದ ಹೊಳೆಯುವ ಹಳದಿಗೆ ತಿರುಗಿತು. ಮುಂದೆ ಇದ್ದಿಲಿಗೆ ಬದಲು ಹೊರಗಿನ ಒಲೆ, ಒಳಗೆ ತಗಡಿನ ಕೊಳವೆ ಎಂಬ ಏರ್ಪಾಟು ಬಂದಿತು. ಹೆಸರೂ ಅದರಿಂದಲೇ: ಕೊಳವೆಯ ಶಾಖದಿಂದ ಹದವಾದ ವರ್ಜೀನಿಯಾ. ನಿದ್ದೆಹೋದ ಒಬ್ಬ ಹುಡುಗನ ಗಾಬರಿ ಪಿರಿಯಾಪಟ್ಟಣದ ಅಂಗಳದವರೆಗೆ ಬಂದು ಮುಟ್ಟಿದೆಯೆಂದರೆ ಚರಿತ್ರೆಯ ವಿದ್ಯಾರ್ಥಿಗೆ ಸ್ವಲ್ಪ ರೋಮಾಂಚನವಾಗುವುದು ಸಹಜ.

ಇನ್ನು ನಮ್ಮ ಬ್ಯಾರನ್ನಿಗೆ ಬರೋಣ. ಅದು ತಾತ ಕಟ್ಟಿಸಿದ್ದು. ಹದಿನಾರು ಅಡಿ ಉದ್ದ, ಹದಿನಾರು ಅಡಿ ಅಗಲ, ಎತ್ತರವೂ ಸುಮಾರು ಅಷ್ಟೇ. ಇಟ್ಟಿಗೆಯ ಗೋಡೆ, ಮಂಗಳೂರು ಹೆಂಚು. ಒಳಗೆ ಗೋಡೆಯಿಂದ ಗೋಡೆಗೆ ಒಂದರ ಮೇಲೊಂದು ಮರದ ತೊಲೆಗಳ ಸಾಲು. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಈ ತೊಲೆಗಳ ಮೇಲೆ ಜೋಡಿಸುತ್ತೇವೆ. ಒಂದು ಸಲಕ್ಕೆ ಸುಮಾರು 600 ಕಡ್ಡಿ. ಮುಂದಿನ ಗೋಡೆಯ ನಡುವೆ ಒಲೆಯ ಬಾಯಿ, ಹೊರಗಿನಿಂದ ಸೌದೆ ಹಾಕುವಂತೆ. ಒಲೆಯಿಂದ ಹೊರಟ ದೊಡ್ಡ ತಗಡಿನ ಕೊಳವೆ ನೆಲದಿಂದ ಸ್ವಲ್ಪ ಮೇಲೆ, ಇಟ್ಟಿಗೆಯ ಕಾಲುಗಳ ಮೇಲೆ, ನೆಟ್ಟಗೆ ಹಿಂದಿನ ಗೋಡೆಯವರೆಗೆ ಹೋಗುತ್ತದೆ. ಅಲ್ಲಿ ಅದು ಎರಡಾಗಿ ಕವಲೊಡೆದು, ಒಂದು ಎಡಗೋಡೆಯ ಪಕ್ಕದಲ್ಲಿ, ಇನ್ನೊಂದು ಬಲಗೋಡೆಯ ಪಕ್ಕದಲ್ಲಿ ಮುಂದಕ್ಕೆ ತಿರುಗಿ ಬಂದು, ಮುಂಗೋಡೆಯ ಎರಡು ಕೊನೆಗಳಲ್ಲಿರುವ ಎರಡು ಹೊಗೆಗೂಡುಗಳನ್ನು ಸೇರುತ್ತದೆ. ಉದ್ದಕ್ಕೂ ಕೊಳವೆ ಮೆಲ್ಲನೆ ಏರುತ್ತಾ ಹೋಗಬೇಕು, ಏಕೆಂದರೆ ಬಿಸಿ ಹೊಗೆ ಹತ್ತುವುದೇ ಹೊರತು ಇಳಿಯುವುದಿಲ್ಲ. ಗೋಡೆಗಳ ಬುಡದಲ್ಲಿ ತಣ್ಣನೆಯ ಗಾಳಿ ಬರಲು ಗಂಡಿಗಳು, ಮಾಡಿನ ತುದಿಯಲ್ಲಿ ಆವಿ ಹೋಗಲು ಹಗ್ಗದಿಂದ ತೆರೆಯುವ ಗವಾಕ್ಷಿ. ಬಾಗಿಲ ಪಕ್ಕದಲ್ಲಿ ಅಂಗೈಯಗಲದ ಒಂದು ಗಾಜು, ಅದರ ಹಿಂದೆ ಒಂದು ಉಷ್ಣಮಾಪಕ. ಇಷ್ಟೇ ಯಂತ್ರ.

ಬೇಯಿಸುವ ಕ್ರಮವನ್ನೂ ಸ್ವಲ್ಪ ಹೇಳಬೇಕು. ಊರಿನಲ್ಲಿ 'ಬೇಯಿಸುವುದು' ಎಂದರೂ ಮೊದಲ ಒಂದೂವರೆ ಎರಡು ದಿನ ಅದು ಬೇಯಿಸುವುದಲ್ಲ, ಎಲೆಯನ್ನು ಜೀವಂತವಾಗಿ ಹಸಿವಿನಲ್ಲಿಡುವುದು. ಗಂಡಿ, ಗವಾಕ್ಷಿ ಎಲ್ಲ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ಶಾಖವನ್ನು ಫ್ಯಾರನ್‌ಹೀಟ್ ಲೆಕ್ಕದಲ್ಲಿ 95ರಿಂದ 100ರ ಆಸುಪಾಸು ಇಡುತ್ತೇವೆ. ಎಲೆ ಇನ್ನೂ ಉಸಿರಾಡುತ್ತಿರುತ್ತದೆ. ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಹಸಿರು ಅಳಿದು ಅಡಿಯಲ್ಲಿದ್ದ ಹಳದಿ ಮೇಲೆ ಬರುತ್ತದೆ. ಹಳದಿ ಬಂದ ಕೂಡಲೇ ಗವಾಕ್ಷಿ ತೆರೆದು, ಗಂಟೆಗೆ ಎರಡು ಡಿಗ್ರಿಯಂತೆ ನಿಧಾನವಾಗಿ ಏರಿಸಿ 120ರ ಹತ್ತಿರ ತಂದು ಬಣ್ಣವನ್ನು ಕಟ್ಟಬೇಕು. ಆಮೇಲೆ 140ರವರೆಗೆ ಏರಿಸಿ ಎಲೆಯನ್ನು, ಕೊನೆಗೆ ಎಲ್ಲವನ್ನೂ ಮತ್ತೆ ಮುಚ್ಚಿ 155, 160ರಲ್ಲಿ ನಡುದಂಟನ್ನು ಒಣಗಿಸಬೇಕು. ಆತುರಪಟ್ಟು ಬೇಗ ಏರಿಸಿದರೆ ಹಸಿರು ಹಾಗೆಯೇ ಕಟ್ಟಿಕೊಳ್ಳುತ್ತದೆ. ತಡಮಾಡಿದರೆ ಹಳದಿ ದಾಟಿ ಕಂದಾಗುತ್ತದೆ. ನಡುವೆ ಒಲೆ ಕಾಯುವವನು ತೂಕಡಿಸಿ ಶಾಖ ಇಳಿದರೆ ದಂಟಿನಲ್ಲಿದ್ದ ನೀರು ಎಲೆಗೆ ಹಿಂದಿರುಗಿ ದಂಟಿನ ಎರಡು ಪಕ್ಕದಲ್ಲೂ ಕೆಂಪು ಪಟ್ಟೆ ಬೀಳುತ್ತದೆ. ಆದುದರಿಂದ ಆರು ದಿನ ಆರು ರಾತ್ರಿ ಮನೆಯಲ್ಲಿ ಯಾರಾದರೊಬ್ಬರು ಎಚ್ಚರವಾಗಿರಲೇಬೇಕು. ನನ್ನ ಎರಡನೆಯ ವರ್ಷದ ಅರ್ಥಶಾಸ್ತ್ರವನ್ನು ನಾನು ಓದಿದುದು ಬಹುಪಾಲು ಆ ಒಲೆಯ ಬೆಳಕಿನಲ್ಲಿಯೇ.

ಕಳೆದ ವರ್ಷ ಜುಲೈನಲ್ಲಿ ಮೊದಲ ಬ್ಯಾರನ್ನು ಇಳಿಸಿದಾಗ ಎಡಗಡೆಯ ಸೊಪ್ಪು ಚಿನ್ನದಂತಿತ್ತು. ಬಲಗಡೆಯದನ್ನು ಇಳಿಸುತ್ತಾ ಬಂದಂತೆ ಅಪ್ಪನ ಮುಖ ಬಾಡಿತು. ಎಲೆ ಕಂದಿ ಮಂಕಾಗಿತ್ತು, ದಂಟು ಮುರಿದರೆ ಲಟಕ್ಕೆನ್ನದೆ ಬಳುಕುತ್ತಿತ್ತು. ಬಳುಕುವ ದಂಟಿನ ಸೊಪ್ಪನ್ನು ಕಟ್ಟಿಟ್ಟರೆ ಬೇಲಿನೊಳಗೆ ಬೂಸಲು ಹಿಡಿಯುವುದು ಖಂಡಿತ. ಒಂದು ಬ್ಯಾರನ್ನಿನಲ್ಲಿ ಮೂರನೆಯ ಒಂದು ಪಾಲು ಕೆಟ್ಟಂತಾಯಿತು. ಗೊಬ್ಬರಕ್ಕೂ ಸೌದೆಗೂ ಮಾಡಿದ ಕೈಸಾಲ ಆಗಲೇ ತಲೆಯ ಮೇಲಿತ್ತು.

ಪರಿಹಾರಗಳಿಗೇನೂ ಕೊರತೆಯಿರಲಿಲ್ಲ. ಚಿಕ್ಕಪ್ಪ, "ಸೊಪ್ಪೇ ಎಳಸು ಕಣಣ್ಣ, ಒಂದು ವಾರ ಮುಂಚೇನೆ ಮುರಿದ್ರಿ" ಎಂದರು. ಒಂದೇ ಹೊಲದ, ಒಂದೇ ದಿನದ ಸೊಪ್ಪು ಎಡಗಡೆ ಮಾತ್ರ ಹೇಗೆ ಬಲಿತಿತ್ತು ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಅಜ್ಜಿ ದೃಷ್ಟಿಯೆಂದು ನಿಶ್ಚಯಿಸಿ ಬಾಗಿಲಿಗೆ ಬೂದುಗುಂಬಳಕಾಯಿ ಕಟ್ಟಿಸಿದರು. ಅಪ್ಪ, ಬಲಗಡೆ ಕಡ್ಡಿಗಳನ್ನು ಒತ್ತಾಗಿ ಜೋಡಿಸಿದ್ದೇ ತಪ್ಪೆಂದು ಎರಡನೆಯ ಸಲ ಅಲ್ಲಿ ವಿರಳವಾಗಿ ಹಾಕಿಸಿ, ಹೆಚ್ಚು ಸೌದೆ ಉರಿಸಿದರು. ಫಲ ಇನ್ನೂ ಕೆಟ್ಟಿತು. ಬಲಗಡೆ ಹಾಗೆಯೇ ಉಳಿದು ಎಡಗಡೆಯ ಕೆಳಸಾಲಿನ ಸೊಪ್ಪು ಸುಟ್ಟಂತೆ ಕೆಂಪಾಯಿತು. ಈ ನಡುವೆ ಅವ್ವ ಒಂದು ಸಂಜೆ ಅಂಗಳ ಗುಡಿಸುತ್ತಾ ಯಾರಿಗೆಂದಿಲ್ಲದೆ, "ಬಲಗಡೆ ಗೂಡಲ್ಲಿ ಹೊಗೇನೇ ಬರ್ತಿಲ್ವಲ್ಲ" ಎಂದಿದ್ದಳು. ನಾವು ಮೂವರು ಗಂಡಸರು ಆಗ ಸೊಪ್ಪಿನ ತಳಿಯ ಬಗ್ಗೆ ಜೋರಾಗಿ ಚರ್ಚಿಸುತ್ತಿದ್ದೆವು. ಕೇಳಿಸಿತು, ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ಸಂಶಯ ಮೊದಲು ಹೋದುದು ಉಷ್ಣಮಾಪಕದ ಮೇಲೆ. ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿದೆ. ಪುಸ್ತಕದ ಪ್ರಕಾರ 212 ತೋರಿಸಬೇಕು, ಇದು 207ಕ್ಕೇ ನಿಂತಿತು. "ಐದು ಡಿಗ್ರಿ ಸುಳ್ಳು ಹೇಳ್ತದೆ" ಎಂದು ಅಪ್ಪ ಅದನ್ನು ಎಸೆಯಲು ಹೊರಟರು. ಪುಣ್ಯವಶಾತ್ ನಾನು ಹೈಸ್ಕೂಲಿನ ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ನಕ್ಕು ಹೇಳಿದರು: ಆ ಲೆಕ್ಕ ಸಮುದ್ರಮಟ್ಟದ್ದು. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಎತ್ತರ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಬೇಗ ಕುದಿಯುತ್ತದೆ. ಇಲ್ಲಿ ಕುದಿಯುವ ನೀರು 207 ತೋರಿಸಿದರೆ ಉಷ್ಣಮಾಪಕ ಸರಿಯಾಗಿದೆಯೆಂದೇ ಅರ್ಥ. ಆದರೆ ಮರುಪ್ರಶ್ನೆಯೊಂದನ್ನು ಅವರೇ ಹಾಕಿದರು: "ಅದನ್ನು ಎಲ್ಲಿ ನೇತುಹಾಕಿದ್ದೀರಪ್ಪ?"

ಎಲ್ಲಿ ಎಂದರೆ ಬಾಗಿಲ ಪಕ್ಕದ ಗಾಜಿನ ಹಿಂದೆ, ಎಡಗಡೆ. ತಾತನ ಕಾಲದಿಂದಲೂ ಅಲ್ಲಿಯೇ. ಅದು 140 ಎಂದರೆ ಇಡೀ ಬ್ಯಾರನ್ನು 140 ಎಂದು ನಾವು ನಂಬಿದ್ದೆವು. ವಾಸ್ತವದಲ್ಲಿ ಅದು ಹೇಳುತ್ತಿದ್ದುದು ತಾನಿದ್ದ ಮೂಲೆಯ ಸುದ್ದಿಯನ್ನಷ್ಟೆ.

ಮೂರನೆಯ ಸಲದ ಸೊಪ್ಪು ಬಲಿಯಲು ಇನ್ನೂ ನಾಲ್ಕೈದು ದಿನವಿತ್ತು. ನೆರೆಹೊರೆಯವರಿಂದ ಮೂರು ಉಷ್ಣಮಾಪಕಗಳನ್ನು ಎರವಲು ತಂದು, ನಾಲ್ಕನ್ನೂ ಒಂದೇ ಬಕೆಟ್ಟಿನ ಬಿಸಿನೀರಿನಲ್ಲಿಟ್ಟು ಒಂದೇ ಸಮ ತೋರಿಸುತ್ತವೆಯೆ ಎಂದು ನೋಡಿಕೊಂಡು, ಖಾಲಿ ಬ್ಯಾರನ್ನಿನ ನಾಲ್ಕು ಮೂಲೆಗಳಲ್ಲಿ ಕೆಳಸಾಲಿನ ತೊಲೆಯ ಮಟ್ಟಕ್ಕೆ ಕಟ್ಟಿದೆ. ಗಂಡಿ, ಗವಾಕ್ಷಿ ಮುಚ್ಚಿ ಮೂರು ಗಂಟೆ ಹದವಾಗಿ ಬೆಂಕಿ ಹಾಕಿದೆವು. ಅರ್ಧ ಗಂಟೆಗೊಮ್ಮೆ ಒಳಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೊರಗೆ ಬರುವುದು ನನ್ನ ಕೆಲಸ. ಇಲ್ಲಿ ಒಂದು ಎಚ್ಚರಿಕೆ: ಒಳಗೆ ಹೊಗೆಯ ವಾಸನೆಯಿದ್ದರೆ ಹೀಗೆ ಹೋಗಬಾರದು. ಮುಚ್ಚಿದ ಕೋಣೆಯಲ್ಲಿ ಸೌದೆಯ ಹೊಗೆಯ ವಿಷಾನಿಲ ಮನುಷ್ಯನನ್ನು ನಿದ್ದೆ ಬರಿಸಿದಂತೆ ಕೆಡವುತ್ತದೆ. ನಾನು ಹೋದಾಗಲೆಲ್ಲ ಅಪ್ಪ ಬಾಗಿಲನ್ನು ಹಿಡಿದು ನಿಂತಿರುತ್ತಿದ್ದರು.

ಮೂರನೆಯ ಗಂಟೆಯ ಕೊನೆಗೆ ಬರೆದುದು ಹೀಗಿದೆ. ಹಿಂದಿನ ಎಡಮೂಲೆ 114, ಮುಂದಿನ ಎಡಮೂಲೆ 108, ಹಿಂದಿನ ಬಲಮೂಲೆ 97, ಮುಂದಿನ ಬಲಮೂಲೆ 88. ಎಲ್ಲಕ್ಕಿಂತ ತಣ್ಣಗಿದ್ದುದು ಒಲೆಯ ಪಕ್ಕದಲ್ಲಿಯೇ ಇದ್ದ ಮೂಲೆ! ಅಪ್ಪ ನಂಬಲಿಲ್ಲ. "ಏನ್ಲಾ, ಓದ್ದೋನು ನೀನು, ಒಲೆ ಪಕ್ಕದ ಮೂಲೆ ತಣ್ಣಗಿರ್ತದೇನ್ಲಾ?" ಎಂದು ತಾವೇ ಒಳಗೆ ಹೋಗಿ ಕೈಯಾಡಿಸಿ ಬಂದು ಸುಮ್ಮನೆ ಕುಳಿತರು. ಆಗ ನನಗೆ ಕೊಳವೆಯ ದಾರಿ ನೆನಪಾಯಿತು. ಕಣ್ಣಿಗೆ ಆ ಮೂಲೆ ಒಲೆಗೆ ಹತ್ತಿರ, ಆದರೆ ಹೊಗೆಗೆ ಅದೇ ಕೊನೆಯ ಊರು. ಕೆ.ಆರ್. ನಗರದ ಗದ್ದೆ ಬಯಲಿನವರು ಇದನ್ನು ಕ್ಷಣದಲ್ಲಿ ಹೇಳಿಬಿಡುತ್ತಿದ್ದರು. ನಾಲೆ ಎರಡಾಗಿ ಒಡೆದ ಕಡೆ ಒಂದು ಕವಲಿನಲ್ಲಿ ಹೂಳು ತುಂಬಿದರೆ ನೀರೆಲ್ಲ ಇನ್ನೊಂದಕ್ಕೆ ನುಗ್ಗುತ್ತದೆ, ಹೂಳಿನ ಕವಲಿನ ಕೊನೆಯ ಗದ್ದೆ ಒಣಗುತ್ತದೆ. ತೂಬನ್ನು ಎಷ್ಟು ಎತ್ತಿದರೂ ಫಲವಿಲ್ಲ, ಹೆಚ್ಚಾದ ನೀರು ಸರಾಗವಾದ ಕವಲಿಗೇ ಹೋಗುತ್ತದೆ. ಎರಡನೆಯ ಸಲ ಅಪ್ಪ ಹೆಚ್ಚು ಸೌದೆ ಹಾಕಿದಾಗ ಎಡಗಡೆ ಸುಟ್ಟುದು ಇದರಿಂದಲೇ.

"ಬಲಗಡೆ ಗೂಡಲ್ಲಿ ಹೊಗೇನೇ ಬರ್ತಿಲ್ವಲ್ಲ" ಎಂಬ ಮಾತು ಆ ಹೊತ್ತಿಗೆ ಅಪ್ಪನಿಗೂ ನನಗೂ ಒಟ್ಟಿಗೆ ನೆನಪಾಗಿರಬೇಕು. ಇಬ್ಬರೂ ಅಡುಗೆಮನೆಯ ಕಡೆ ನೋಡಿದೆವು. ಯಾರೂ ಏನೂ ಹೇಳಲಿಲ್ಲ.

ಮರುದಿನ ಒಲೆ ಆರಿದ ಮೇಲೆ ಬಲಗಡೆಯ ಕೊಳವೆಗಳನ್ನು ಒಂದೊಂದಾಗಿ ಬಿಚ್ಚಿದೆವು. ಹಿಂದಿನ ತಿರುವು ದಾಟಿದ ಮೇಲೆ ಎರಡು ಕೊಳವೆಗಳ ಅಡಿಯಲ್ಲಿದ್ದ ಇಟ್ಟಿಗೆಯ ಕಾಲುಗಳು ಮೂರು ಬೆರಳಿನಷ್ಟು ನೆಲಕ್ಕೆ ಇಳಿದಿದ್ದವು. ಏರುತ್ತ ಹೋಗಬೇಕಾದ ಕೊಳವೆ ಅಲ್ಲಿ ತೊಟ್ಟಿಲಿನಂತೆ ಬಾಗಿತ್ತು. ಆ ತಗ್ಗಿನಲ್ಲಿ ವರ್ಷವರ್ಷದ ಮಸಿ, ಬೂದಿ, ಹಸಿ ಸೌದೆಯ ಹೊಗೆಯಿಂದ ಇಳಿದ ಕರಿಯ ಅಂಟು ಸೇರಿ ಅರ್ಧಕ್ಕಿಂತ ಹೆಚ್ಚು ದಾರಿ ಕಟ್ಟಿತ್ತು. ಕಾಲು ಇಳಿದುದೇಕೆ? ಬಣ್ಣ ಬರಿಸುವ ದಿನಗಳಲ್ಲಿ ಗಾಳಿ ತೇವವಾಗಿರಲೆಂದು ನೆಲಕ್ಕೆ ಚಿಮುಕಿಸುವ ನೀರು! ನೀರಿನ ಕೊಡ ಇಡುತ್ತಿದ್ದುದು ಬಲಗಡೆಯ ಗಂಡಿಯ ಬಳಿ. ಅಲ್ಲಿಂದಲೇ ಎರಚುತ್ತಿದ್ದೆವು. ಎರಚುತ್ತಿದ್ದವನು ಹೈಸ್ಕೂಲಿನ ದಿನಗಳಿಂದ ಈ ಲೇಖಕನೇ. ಚಳಿದೇಶದ ಮನೆಗಳ ನೆಲ ತಾನಾಗಿ ಕುಸಿದು ರೇಡಿಯೇಟರು ಓಟ ತಪ್ಪಿದರೆ, ನಮ್ಮದನ್ನು ನಾನೇ ಕೈಯಾರೆ ನೀರುಣಿಸಿ ಕುಸಿಸಿದ್ದೆ.

ರಿಪೇರಿಗೆ ಎರಡು ದಿನ ಹಿಡಿಯಿತು. ಕುಸಿದ ಕಾಲುಗಳನ್ನು ಕಿತ್ತು, ಮೆದುವಾದ ಮಣ್ಣನ್ನು ತೆಗೆದು, ಅಡಿಗೆ ಕಲ್ಲುಚಪ್ಪಡಿ ಕೂರಿಸಿ ಮತ್ತೆ ಕಟ್ಟಿದೆವು. ಗಾರೆಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪನ್ನು ತಂದು, ಹಿಂದಿನ ತಿರುವಿನಿಂದ ಹೊಗೆಗೂಡಿನವರೆಗೆ ಸುಮಾರು ಎಂಟು ಅಂಗುಲ ಏರು ಬರುವಂತೆ ಪ್ರತಿಯೊಂದು ಕಾಲನ್ನೂ ಸರಿಪಡಿಸಿದೆವು. ಮಸಿ ತೆಗೆದ ಕೊಳವೆಗಳನ್ನು ರಾತ್ರಿ ಅಂಗಳದಲ್ಲಿಟ್ಟು ಒಳಗೆ ಟಾರ್ಚು ಬಿಟ್ಟು ನೋಡಿದಾಗ, ಹಗಲು ಗಟ್ಟಿಯಾಗಿ ಕಂಡಿದ್ದ ಎರಡು ಕೊಳವೆಗಳು ನಕ್ಷತ್ರ ತುಂಬಿದ ಆಕಾಶದಂತೆ ಹೊಳೆದವು. ಅಷ್ಟೂ ತುಕ್ಕಿನ ತೂತು. ಅವೆರಡನ್ನು ಬದಲಾಯಿಸಲೇಬೇಕಾಯಿತು. ಉಳಿದ ಕೂಡುಗಳನ್ನು ಜರಡಿ ಹಿಡಿದ ಮಣ್ಣು, ಸೆಗಣಿ ಕಲಸಿ ಮೆತ್ತಿ, ಸಣ್ಣ ಬೆಂಕಿಯಲ್ಲಿ ಒಣಗಿಸಿದೆವು. ದೊಡ್ಡ ಬೆಂಕಿ ಹಾಕಿದರೆ ಮೆತ್ತಿದ್ದು ಬಿರಿಯುತ್ತದೆ. ಬಲಗಡೆಯ ಹೊಗೆಗೂಡು ಬಹುದಿನ ತಣ್ಣಗಿದ್ದು ತೇವ ಹಿಡಿದಿದ್ದುದರಿಂದ ಮೊದಲು ಅದರ ಬುಡದಲ್ಲಿ ಒಂದು ಹಿಡಿ ಒಣಹುಲ್ಲು ಉರಿಸಬೇಕಾಯಿತು. ಒಳಗಿನ ಗಾಳಿ ಕಾದು ಮೇಲೆದ್ದ ಮೇಲೆಯೇ ಅದು ಹೊಗೆಯನ್ನು ಸೆಳೆಯಲು ಮೊದಲಾಯಿತು.

ಪುನಃ ಖಾಲಿ ಬ್ಯಾರನ್ನಿನ ಪರೀಕ್ಷೆ. ಹಿಂದಿನ ಎಡಮೂಲೆ 110, ಮುಂದಿನ ಎಡಮೂಲೆ 106, ಹಿಂದಿನ ಬಲಮೂಲೆ 107, ಮುಂದಿನ ಬಲಮೂಲೆ 103. ಉಷ್ಣಮಾಪಕವನ್ನು ಎಡಗೋಡೆಯಿಂದ ಬಿಡಿಸಿ, ರಾಟೆಯ ಮೇಲೆ ಹಾಯಿಸಿದ ದಾರದಿಂದ ಬ್ಯಾರನ್ನಿನ ನಡುವೆ ಕೆಳಸಾಲಿನ ಸೊಪ್ಪಿನ ಮಟ್ಟದಲ್ಲಿ ತೂಗುಹಾಕಿದೆವು. ನೋಡಬೇಕಾದಾಗ ದಾರ ಎಳೆದರೆ ಅದು ಗಾಜಿನ ಬಳಿಗೆ ಬರುತ್ತದೆ.

ಮಿಕ್ಕ ಕಾಯಿಲೆಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಒಲೆಯ ಬಾಯಿಯಿಂದ ಹೊಗೆ ಮುಖಕ್ಕೆ ಹೊಡೆದರೆ ದಾರಿ ಕಟ್ಟಿದೆ, ಇಲ್ಲವೇ ಹೊಗೆಗೂಡು ಮಾಡಿಗಿಂತ ಸಾಕಷ್ಟು ಎತ್ತರವಿಲ್ಲದೆ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತಿದೆ. ಎಷ್ಟು ಉರಿಸಿದರೂ ಶಾಖ ಏರದಿದ್ದರೆ ಹೆಂಚು ಸರಿದಿದೆಯೆ, ಗವಾಕ್ಷಿ ಸರಿಯಾಗಿ ಮುಚ್ಚುತ್ತದೆಯೆ ನೋಡಬೇಕು. ಮೇಲಿನ ಸೊಪ್ಪು ಬೆವೆತು ಕಪ್ಪಾದರೆ ಕೆಳಗಿನ ಗಂಡಿಗಳನ್ನು ಇಲಿ ಮಣ್ಣು ತುಂಬಿ ಮುಚ್ಚಿರಬಹುದು. ಕೆಳಗೆ ಗಾಳಿ ಬರದೆ ಮೇಲೆ ಆವಿ ಹೋಗದು. ಇವೆಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಒಣಗಿದ ಎಲೆಯೊಂದು ಕಡ್ಡಿಯಿಂದ ಜಾರಿ ಕೆಂಪಗೆ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು. ಬ್ಯಾರನ್ನು ಸುಟ್ಟ ಸುದ್ದಿಯನ್ನು ನಮ್ಮ ಸೀಮೆಯ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಕೊಳವೆಗಳ ಮೇಲೆ ತಂತಿಬಲೆ ಹಾಸುವುದು ಈ ಕಾರಣಕ್ಕೆ. ಬಲೆಗೆ ಖರ್ಚೆಂದು ಹಿಂದೆಗೆಯುವವರೂ ಉಂಟು. ನಾವೂ ಅಂಥವರೇ ಆಗಿದ್ದೆವು. ಆ ವರ್ಷ ಹಾಕಿಸಿದೆವು.

ಸೌದೆಯ ಲೆಕ್ಕ ಮಾತ್ರ ಸ್ವಲ್ಪ ವಿಸ್ತರಿಸಬೇಕಾದ ವಿಷಯ. ನಮ್ಮ ಬ್ಯಾರನ್ನಿಗೆ ಒಂದು ಸಲಕ್ಕೆ ಸುಮಾರು 2000 ಕೆ.ಜಿ. ಹಸಿ ಸೊಪ್ಪು ಹೋಗಿ 300 ಕೆ.ಜಿ. ಹೊರಬರುತ್ತದೆ. ಅಂದರೆ 1700 ಕೆ.ಜಿ. ನೀರು ಆವಿಯಾಗಿ ಗವಾಕ್ಷಿಯಿಂದ ಹೋಯಿತು. ಮೇಷ್ಟ್ರು ಲೆಕ್ಕ ಹಾಕಿ ತೋರಿಸಿದಂತೆ ಅಷ್ಟು ನೀರನ್ನು ಆವಿ ಮಾಡುವುದಕ್ಕಷ್ಟೆ ಬೇಕಾದ ಶಾಖ 300 ಕೆ.ಜಿ.ಯಷ್ಟು ಒಣ ಸೌದೆಯಲ್ಲಿದೆ. ನಾವು ಉರಿಸುತ್ತಿದ್ದುದು ಒಂದೂವರೆ ಟನ್! ಐದರಲ್ಲಿ ನಾಲ್ಕು ಪಾಲು ಹೊಗೆಗೂಡಿನಲ್ಲಿ, ಗೋಡೆಯಲ್ಲಿ, ಹೆಂಚಿನ ಸಂದಿಯಲ್ಲಿ, ಹಸಿ ಸೌದೆಯ ಸ್ವಂತ ನೀರನ್ನು ಆರಿಸುವುದರಲ್ಲಿ ಹೋಗುತ್ತದೆ. ಬೇಯಿಸುವ ಕಾಲವೂ ಮಳೆಗಾಲವೂ ಒಂದೇ ಆದುದರಿಂದ ನೆನೆದ ಸೌದೆ ನಮ್ಮ ಹಣೆಬರಹವೆಂದೇ ತಿಳಿದಿದ್ದೆವು. ಈಗ ಬೇಸಗೆಯಲ್ಲಿಯೇ ನೀಲಗಿರಿ, ಸಿಲ್ವರ್ ಓಕ್ ಸೌದೆಯನ್ನು ಸೀಳಿ ತಗಡಿನ ಮಾಡಿನಡಿ ಪೇರಿಸುತ್ತೇವೆ. ಕೊಡಗಿನ ಕಡೆಯ ಕಾಫಿ ಹೊಟ್ಟನ್ನು ತಂದು ಬೆರೆಸಿ ಉರಿಸುವವರೂ ಇದ್ದಾರೆ. ಕೊಳವೆ ಸರಿಪಡಿಸಿದ ಮೇಲೆ ಒಂದು ಸಲಕ್ಕೆ ಸುಮಾರು 200 ಕೆ.ಜಿ. ಸೌದೆ ಉಳಿಯಿತೆಂಬುದು ನಾವೇ ತೂಗಿ ನೋಡಿದ ಲೆಕ್ಕ. ನಾಗರಹೊಳೆಯ ಕಾಡು ಕಣ್ಣಳತೆಯಲ್ಲಿರುವ ಊರಿನವರಿಗೆ ಇದು ಬರಿಯ ದುಡ್ಡಿನ ಲೆಕ್ಕವಲ್ಲವೆಂದು ಅರ್ಥಶಾಸ್ತ್ರದ ಗೆಳೆಯರು ಒಪ್ಪಿಯಾರು.

ಮೂರನೆಯ ಬ್ಯಾರನ್ನು ಇಳಿಸಿದಾಗ ನಾನು ಊರಿನಲ್ಲಿರಲಿಲ್ಲ, ಆಂತರಿಕ ಪರೀಕ್ಷೆಯಿತ್ತು. ಸಂಜೆ ಅಪ್ಪ ಫೋನು ಮಾಡಿ, "ಬಲಗಡೇದೂ ಎಡಗಡೇದೂ ಬೆರೆಸ್ಬಿಟ್ರೆ ಯಾವ್ದು ಯಾವ್ದು ಅಂತ ಗೊತ್ತಾಗಾಕಿಲ್ಲ ಕಣ್ಲಾ" ಎಂದರು. ಮೊದಲೆರಡು ಸಲ ಹೋದುದು ಹೋಯಿತು. ಅದರ ಸಾಲ ಇನ್ನೂ ತೀರಿಲ್ಲ. ಉಳಿದ ನಾಲ್ಕು ಬ್ಯಾರನ್ನುಗಳು ನೆಟ್ಟಗೆ ಬಂದವು, ನನ್ನ ಅಂತಿಮ ವರ್ಷದ ಶುಲ್ಕವೂ ಕಟ್ಟಾಯಿತು.

ಈ ವರ್ಷ ಮೊದಲ ಬೆಂಕಿಗೆ ಮುಂಚೆ ಅಪ್ಪ ತಾವಾಗಿಯೇ ನಾಲ್ಕು ಉಷ್ಣಮಾಪಕಗಳನ್ನು ಹೊಂದಿಸಿಕೊಂಡು ಖಾಲಿ ಬ್ಯಾರನ್ನು ಕಾಯಿಸಿ, ನಾಲ್ಕು ಮೂಲೆಗಳ ಅಂಕಿಗಳನ್ನು ಹೊರಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟಿದ್ದರು. ನೀರಿನ ಕೊಡ ಈಗ ಬಾಗಿಲ ಬಳಿಗೆ ಬಂದಿದೆ. ಅವ್ವ ಮಾತ್ರ ಆ ಅಂಕಿಗಳನ್ನು ನೋಡುವುದಿಲ್ಲ. ಸಂಜೆ ಅಂಗಳಕ್ಕೆ ಬಂದು, ತಲೆಯೆತ್ತಿ ಎರಡು ಹೊಗೆಗೂಡುಗಳನ್ನೂ ಒಮ್ಮೆ ನೋಡಿ ಒಳಗೆ ಹೋಗುತ್ತಾಳೆ.